ಲೈಟ್ನಿಂಗ್ ಕಾಂಪ್ಲೆಕ್ಸ್: ಹೆಸರು ಒಂದು, ಬೆಂಕಿ ಹತ್ತಾರು

ಕಾಂಪ್ಲೆಕ್ಸ್ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಸಾಲಾಗಿ ಅಂಗಡಿಗಳಿರುವ ಕಟ್ಟಡ. ಹಾಗಾಗಿ ಕ್ಯಾಲಿಫೋರ್ನಿಯಾದ ಸುದ್ದಿಯಲ್ಲಿ 'ಸಿಝಡ್‌ಯು ಲೈಟ್ನಿಂಗ್ ಕಾಂಪ್ಲೆಕ್ಸ್' ಅಂತ ಮೊದಲ ಸಲ ಓದಿದವರು ಯಾವುದೋ ಕಟ್ಟಡಕ್ಕೆ ಬೆಂಕಿ ಬಿತ್ತು ಅಂದುಕೊಂಡರೆ ಆಶ್ಚರ್ಯವಿಲ್ಲ. ಅಲ್ಲಿನ ಅಗ್ನಿಶಾಮಕದವರ ಮಾತಲ್ಲಿ ಅರ್ಥವೇ ಬೇರೆ. ಒಂದೇ ಸೀಮೆಯಲ್ಲಿ ಹೊತ್ತಿಕೊಂಡ ಹಲವು ಬೆಂಕಿಗಳನ್ನು ಒಂದೇ ತಂಡದ ಉಸ್ತುವಾರಿಗೆ ಒಪ್ಪಿಸಿ ಒಂದೇ ಹೆಸರಿಟ್ಟರೆ ಅದು ಕಾಂಪ್ಲೆಕ್ಸ್. ಹೊತ್ತಿಸಿದ್ದು ಸಿಡಿಲಾದರೆ ಹೆಸರಿನ ಮುಂದೆ ಸಾಮಾನ್ಯವಾಗಿ ಲೈಟ್ನಿಂಗ್ ಕೂಡ ಸೇರಿಕೊಳ್ಳುತ್ತದೆ.

ಇಲ್ಲಿ ಒಂದು ಸಣ್ಣ ತಕರಾರು. ಕನ್ನಡದಲ್ಲಿ ಮಿಂಚು ಕಣ್ಣಿಗೆ ಕಾಣುವುದು, ಗುಡುಗು ಕಿವಿಗೆ ಕೇಳುವುದು, ಸಿಡಿಲು ಬಂದು ಬಡಿಯುವುದು. ಇಂಗ್ಲಿಷಿನವರು ಮಿಂಚಿಗೂ ಸಿಡಿಲಿಗೂ ಲೈಟ್ನಿಂಗ್ ಅಂದುಬಿಡುತ್ತಾರೆ. ಅದನ್ನೇ ನೋಡಿಕೊಂಡು ನಾವು 'ಮಿಂಚಿನಿಂದ ಕಾಡ್ಗಿಚ್ಚು' ಅಂತ ಬರೆದರೆ ನನಗೆ ಯಾಕೋ ಸರಿಹೋಗುವುದಿಲ್ಲ. ಮಿಂಚಿದರೆ ಮರ ಹೊತ್ತುವುದಿಲ್ಲ, ಸಿಡಿಲು ಬಡಿದರೆ ಹೊತ್ತುತ್ತದೆ.

ಸಿಡಿಲಿನ ಜೊತೆ ಮಳೆಯೂ ಬಂದರೆ ಬೆಂಕಿ ಅಲ್ಲೇ ಆರಬೇಕಲ್ವಾ? ಅಲ್ಲೇ ಇರುವುದು ವಿಷಯ. ಮೋಡ ಮೇಲೆ ಮಳೆ ಸುರಿಸುತ್ತಿರುತ್ತದೆ, ಆದರೆ ಕೆಳಗಿನ ಗಾಳಿ ಎಷ್ಟು ಬಿಸಿ, ಎಷ್ಟು ಒಣ ಅಂದರೆ ಹನಿಗಳು ನೆಲ ಮುಟ್ಟುವ ಮೊದಲೇ ಆವಿಯಾಗಿ ಹೋಗುತ್ತವೆ. ಸಿಡಿಲಿಗೆ ಆ ತೊಂದರೆ ಇಲ್ಲ, ಅದು ನೆಟ್ಟಗೆ ಇಳಿಯುತ್ತದೆ. ಇದಕ್ಕೆ ಡ್ರೈ ಲೈಟ್ನಿಂಗ್ ಅನ್ನುತ್ತಾರೆ, ನಾವು ಒಣ ಸಿಡಿಲು ಅನ್ನಬಹುದು. ಅಮೆರಿಕದ ಹವಾಮಾನ ಇಲಾಖೆಯ ಲೆಕ್ಕದಲ್ಲಿ 0.1 ಇಂಚಿಗಿಂತ, ಅಂದರೆ ಸುಮಾರು 2.5 ಮಿಲಿಮೀಟರ್‌ಗಿಂತ ಕಡಿಮೆ ಮಳೆ ಬಿದ್ದರೆ ಅದು ಒಣ ಸಿಡಿಲು. ಧೂಳು ಅಡಗಿಸುವುದಕ್ಕೂ ಸಾಲದಷ್ಟು ಮಳೆ.

2020ರ ಆಗಸ್ಟ್ ಮಧ್ಯದಲ್ಲಿ ಆದದ್ದು ಇದೇ. ಫೌಸ್ಟೊ ಅನ್ನುವ ಚಂಡಮಾರುತ ಪೆಸಿಫಿಕ್‌ನಲ್ಲಿ ಸತ್ತು, ಅದರ ಉಳಿದ ತೇವ ಮಾತ್ರ ಉತ್ತರ ಕ್ಯಾಲಿಫೋರ್ನಿಯಾದ ಮೇಲೆ ತೇಲಿಬಂತು. ನೆಲದ ಮೇಲೆ ಆಗ ವಿಪರೀತ ಸೆಖೆ. ಕೆಲವೇ ದಿನಗಳಲ್ಲಿ 10 ಸಾವಿರಕ್ಕೂ ಜಾಸ್ತಿ ಸಿಡಿಲು ಬಡಿದು ನೂರಾರು ಕಡೆ ಬೆಂಕಿ ಎದ್ದಿತು. ಅಷ್ಟಕ್ಕೂ ಒಂದೊಂದು ತಂಡ, ಒಂದೊಂದು ನಕ್ಷೆ, ಒಂದೊಂದು ಹೆಸರು ಕೊಡಲು ಯಾರಿಗೂ ಸಾಧ್ಯವಿರಲಿಲ್ಲ. ಅದಕ್ಕೇ ಗುಡ್ಡೆ ಹಾಕಿದರು. ಹಾಗೆ ಹುಟ್ಟಿದ ಕಾಂಪ್ಲೆಕ್ಸ್‌ಗಳ ಹೆಸರಲ್ಲಿರುವ ಸಿಝಡ್‌ಯು, ಎಸ್‌ಸಿಯು, ಎಲ್‌ಎನ್‌ಯು ಅನ್ನುವ ಅಕ್ಷರಗಳಲ್ಲಿ ಗುಟ್ಟೇನೂ ಇಲ್ಲ. ಕ್ಯಾಲ್ ಫೈರ್ ಅನ್ನುವ ರಾಜ್ಯದ ಅಗ್ನಿಶಾಮಕ ಇಲಾಖೆ ತನ್ನ ವಿಭಾಗಗಳಿಗೆ ಇಟ್ಟುಕೊಂಡಿರುವ ಸಂಕೇತಗಳು ಅವು, ಅಷ್ಟೇ. ಸಿಝಡ್‌ಯು ಅಂದರೆ ಸ್ಯಾನ್ ಮಟೇಯೊ ಮತ್ತು ಸಾಂತಾ ಕ್ರೂಝ್ ಕೌಂಟಿಗಳ, ಅಂದರೆ ಅಲ್ಲಿನ ಜಿಲ್ಲೆಗಳ, ವಿಭಾಗ. ಇನ್ನೂ ಉತ್ತರಕ್ಕೆ ಹೊತ್ತಿದ ಆಗಸ್ಟ್ ಕಾಂಪ್ಲೆಕ್ಸ್ ಶುರುವಾಗಿದ್ದು 38 ಬೇರೆ ಬೇರೆ ಬೆಂಕಿಗಳಾಗಿ. ಮುಗಿಯುವಷ್ಟರಲ್ಲಿ 10 ಲಕ್ಷ ಎಕರೆ ದಾಟಿತ್ತು.

ಹೀಗೆ ಗುಡ್ಡೆ ಹಾಕುವುದು ಇಲಾಖೆಗೆ ಅನುಕೂಲ. ಯಾವ ಹೆಲಿಕಾಪ್ಟರ್ ಎಲ್ಲಿಗೆ, ಯಾವ ಬುಲ್ಡೋಜರ್ ಯಾವ ಗುಡ್ಡಕ್ಕೆ ಅಂತ ಒಂದೇ ಕಡೆ ಕೂತು ತೀರ್ಮಾನಿಸಬಹುದು. ಆದರೆ ಆ ಗುಡ್ಡದ ಬುಡದಲ್ಲಿ ಮನೆ ಇರುವವರಿಗೆ ಕಾಂಪ್ಲೆಕ್ಸ್ ಅನ್ನುವ ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ. ಅವರಿಗೆ ಬೇಕಾದದ್ದು ಹತ್ತಾರು ಬೆಂಕಿಗಳಲ್ಲಿ ತಮ್ಮ ರಸ್ತೆಯ ಕಡೆ ಬರುತ್ತಿರುವುದು ಯಾವುದು ಅನ್ನುವುದು. ಊರಿನವರೆಲ್ಲ ಸೇರಿ ಬೆಂಕಿಯ ಜಾಡು ಹಿಡಿಯುವುದು ಅಂತ ಏನನ್ನುತ್ತೇವೋ, ಅದೆಲ್ಲ ಇಲಾಖೆ ಒಟ್ಟು ಮಾಡಿದ್ದನ್ನು ಮತ್ತೆ ರಸ್ತೆ ರಸ್ತೆಯಾಗಿ ಬಿಡಿಸುವ ಕೆಲಸವೇ.

ಸಿಝಡ್‌ಯುದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಆಗಸ್ಟ್ 16ರಂದು ರೆಡ್‌ವುಡ್ ಮರಗಳ ಕಡಿದಾದ ಕಣಿವೆಗಳಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಬೆಂಕಿಗಳಿದ್ದವು. ರಾಜ್ಯದ ಸಿಬ್ಬಂದಿ ಎಲ್ಲ ಕಡೆ ಹಂಚಿಹೋಗಿದ್ದರು. 18ರ ರಾತ್ರಿ ಗಾಳಿ ತಿರುಗಿತು. ಬಿಡಿಬಿಡಿಯಾಗಿದ್ದವು ಕೂಡಿಕೊಂಡು ಊರುಗಳ ಕಡೆ ಇಳಿದವು. ಬೋಲ್ಡರ್ ಕ್ರೀಕ್, ಬೆನ್ ಲೋಮಂಡ್, ಫೆಲ್ಟನ್ ಒಂದೊಂದಾಗಿ ಖಾಲಿಯಾದವು, ಒಟ್ಟು ಸುಮಾರು 77 ಸಾವಿರ ಜನ ಮನೆ ಬಿಟ್ಟರು, ಅದೂ ಕೋವಿಡ್ ಕಾಲದಲ್ಲಿ, ಒಬ್ಬರ ಮನೆಗೆ ಇನ್ನೊಬ್ಬರು ಹೋಗಲು ಹೆದರುತ್ತಿದ್ದಾಗ. 86,509 ಎಕರೆ ಸುಟ್ಟಿತು, 1,490 ಕಟ್ಟಡಗಳು ಹೋದವು, ಒಬ್ಬರು ತೀರಿಕೊಂಡರು. 1902ರಲ್ಲಿ ಶುರುವಾದ ಬಿಗ್ ಬೇಸಿನ್ ಉದ್ಯಾನದ ಹಳೆಯ ಕಟ್ಟಡಗಳೂ ಬೂದಿಯಾದವು.

ಮನೆ ಬಿಡುವ ವಿಷಯದಲ್ಲಿ ಎರಡು ಪದ ಗೊತ್ತಿರಬೇಕು, ವಾರ್ನಿಂಗ್ ಮತ್ತು ಆರ್ಡರ್. ಕ್ಯಾಲಿಫೋರ್ನಿಯಾದಲ್ಲಿ ಇವಾಕ್ಯುಯೇಷನ್ ವಾರ್ನಿಂಗ್ ಅಂದರೆ ಅಪಾಯ ಬರಬಹುದು, ಹೊರಡಲು ತಯಾರಾಗಿ ಅಂತ. ವಯಸ್ಸಾದವರು, ದನ ಕುದುರೆ ಸಾಕಿದವರು, ಹೊರಡಲು ಹೊತ್ತು ಬೇಕಾದವರು ಆಗಲೇ ಹೊರಟುಬಿಡಬೇಕು. ಆರ್ಡರ್ ಅಂದರೆ ಈಗಲೇ ಎದ್ದು ಹೋಗಿ, ಹೊರಗಿನವರಿಗೆ ಇನ್ನು ಒಳಗೆ ಪ್ರವೇಶವಿಲ್ಲ. ಎರಡನ್ನೂ 'ಎಚ್ಚರಿಕೆ' ಅಂತ ಅನುವಾದಿಸಿದರೆ ಕೆಟ್ಟಿತು ಕತೆ. ಪಕ್ಕದ ಆರೆಗನ್ ರಾಜ್ಯದಲ್ಲಿ ಒಂದು, ಎರಡು, ಮೂರು ಅಂತ ಹಂತಗಳಿವೆ: ತಯಾರಾಗಿರಿ, ಕಾಲು ಹೊಸಿಲಲ್ಲಿರಲಿ, ಹೊರಡಿ. ನನ್ನ ಮಟ್ಟಿಗೆ ಅದೇ ವಾಸಿ, ನಿದ್ದೆಗಣ್ಣಲ್ಲಿ ಎದ್ದವರಿಗೂ ಅಂಕಿ ಅರ್ಥವಾಗುತ್ತದೆ.

ಇನ್ನು ನಕ್ಷೆ. ಹೆಚ್ಚು ಜನ ಎಡವುವುದು ಇಲ್ಲೇ. ನಾಸಾದ ಉಪಗ್ರಹ ನಕ್ಷೆ ತೆರೆದರೆ ಕೆಂಪು ಚುಕ್ಕೆಗಳು ಕಾಣುತ್ತವೆ. ಅದರಲ್ಲಿ ಒಂದು ಸರಿಯಾಗಿ ನಿಮ್ಮ ಮನೆ ಮೇಲೆ ಕೂತಿದೆ ಅಂದುಕೊಳ್ಳಿ. ಎದೆ ಧಸಕ್ ಅನ್ನುತ್ತದೆ. ಆದರೆ ಉಪಗ್ರಹದಲ್ಲಿರುವ ವೀರ್ಸ್ ಅನ್ನುವ ಉಪಕರಣ ನೆಲವನ್ನು 375 ಮೀಟರ್ ಅಗಲದ ಚೌಕಗಳಾಗಿ ನೋಡುತ್ತದೆ. ಚೌಕದ ಯಾವ ಮೂಲೆಯಲ್ಲಿ ಬಿಸಿ ಕಂಡರೂ ಚುಕ್ಕೆ ಬೀಳುವುದು ಅದರ ನಡುಮಧ್ಯಕ್ಕೆ. ಬೆಂಕಿ ಇರುವುದು ಮನೆಯಿಂದ ನೂರೈವತ್ತು ಮೀಟರ್ ಆಚೆಯ ಹಳ್ಳದಲ್ಲಿರಬಹುದು. ಚುಕ್ಕೆ ಇಲ್ಲ ಅಂತ ನೆಮ್ಮದಿಯಾಗಿ ಕೂರುವುದೂ ತಪ್ಪು. ಆ ಉಪಗ್ರಹಗಳು ದಿನಕ್ಕೆ ಕೆಲವೇ ಸಲ ತಲೆ ಮೇಲೆ ಹಾದುಹೋಗುತ್ತವೆ, ದಟ್ಟ ಹೊಗೆ ಮೋಡಗಳು ಅಡ್ಡ ಬಂದರೆ ಬೆಂಕಿ ಕಾಣದೆಯೂ ಹೋಗಬಹುದು. ಗಾಳಿ ಬೀಸುವಾಗ ಮೂರು ಗಂಟೆ ಹಿಂದಿನ ಚುಕ್ಕೆ ಹಳೇ ಪೇಪರ್ ಇದ್ದ ಹಾಗೆ.

ಅದಕ್ಕೇ ಜನ ರೇಡಿಯೋ ಸ್ಕ್ಯಾನರ್‌ಗೆ ಕಿವಿ ಕೊಡುತ್ತಾರೆ. ಅಗ್ನಿಶಾಮಕದವರು ತಮ್ಮತಮ್ಮಲ್ಲಿ ಆಡುವ ಮಾತು ಅಲ್ಲಿ ನೇರವಾಗಿ ಕೇಳುತ್ತದೆ. 'ಇಂಥ ರಸ್ತೆಯ ಕೊನೆಗೆ ಒಂದು ಫೈರ್ ಇಂಜಿನ್ ಕಳಿಸಿ' ಅಂತ ಯಾರೋ ಅನ್ನುತ್ತಾರೆ. ಕೇಳಿದವರು ಅದನ್ನೇ 'ಆ ರಸ್ತೆ ಹೊತ್ತಿ ಉರಿಯುತ್ತಿದೆ' ಅಂತ ಹಾಕಿಬಿಟ್ಟರೆ ಹತ್ತು ನಿಮಿಷದಲ್ಲಿ ಆ ರಸ್ತೆಯವರೆಲ್ಲ ಮನೆ ಹೋಯಿತು ಅಂತ ಅಳುತ್ತಿರುತ್ತಾರೆ. ನಿಜದಲ್ಲಿ ಇಂಜಿನ್ ಹೋದದ್ದು ಸುಮ್ನೆ ಹೊಗೆ ಎಲ್ಲಿಂದ ಅಂತ ನೋಡಲು ಇರಬಹುದು. ಒಳ್ಳೆಯ ಸ್ಕ್ಯಾನರ್ ಕೇಳುಗರು ಕೇಳಿದಷ್ಟೇ ಬರೆಯುತ್ತಾರೆ, ಎಷ್ಟು ಗಂಟೆಗೆ ಕೇಳಿದ್ದು ಅಂತ ಸೇರಿಸುತ್ತಾರೆ, ತಮ್ಮ ಊಹೆ ಬೆರೆಸುವುದಿಲ್ಲ. ಈ ಕೆಲಸಕ್ಕೊಂದು ಶಿಸ್ತು ತಂದದ್ದು ವಾಚ್ ಡ್ಯೂಟಿ ಆ್ಯಪ್. 2021ರಲ್ಲಿ ಸೊನೋಮ ಕೌಂಟಿಯಲ್ಲಿ ಶುರುವಾದ, ಲಾಭದ ಉದ್ದೇಶವಿಲ್ಲದ ಸಂಸ್ಥೆ ಅದರದು. ನಿವೃತ್ತ ಅಗ್ನಿಶಾಮಕದವರೂ, ತುರ್ತು ಕರೆ ಬಂದಾಗ ತಂಡ ಕಳಿಸುವ ಡಿಸ್ಪ್ಯಾಚರ್‌ಗಳೂ ಸೇರಿದಂತೆ ಅದರ ತಂಡದವರು ರೇಡಿಯೋ ಕೇಳಿ, ಗುಡ್ಡದ ಮೇಲಿನ ಕ್ಯಾಮೆರಾ ನೋಡಿ, ತಾಳೆ ಹಾಕಿ ಸುದ್ದಿ ಹಾಕುತ್ತಾರೆ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹೊತ್ತಿದಾಗ ಆ್ಯಪಲ್‌ನ ಉಚಿತ ಆ್ಯಪ್‌ಗಳ ಪಟ್ಟಿಯಲ್ಲಿ ಅದೇ ಮೊದಲಿತ್ತು.

ಕೊನೆಗೆ ಕಂಟೈನ್‌ಮೆಂಟ್. '20 ಪರ್ಸೆಂಟ್ ಕಂಟೈನ್ಡ್' ಅಂದರೆ ಐದರಲ್ಲಿ ಒಂದು ಪಾಲು ಬೆಂಕಿ ಆರಿತು ಅಂತ ಓದುವವರೇ ಜಾಸ್ತಿ. ಅದು ಬೆಂಕಿಯ ಲೆಕ್ಕವಲ್ಲ, ಬೇಲಿಯ ಲೆಕ್ಕ. ಬೆಂಕಿಯ ಸುತ್ತಳತೆಯಲ್ಲಿ ಎಷ್ಟು ಭಾಗಕ್ಕೆ ಗಿಡಗಂಟಿ ಕೆರೆದು ದಾಟಲಾರದ ಗೆರೆ ಎಳೆದಿದ್ದಾರೆ, ಅಥವಾ ನದಿ, ರಸ್ತೆಯಂಥದ್ದು ಅಡ್ಡ ಇದೆ ಅನ್ನುವುದನ್ನು ಅದು ಹೇಳುತ್ತದೆ. ಒಳಗೆ ಇನ್ನೂ ಧಗಧಗ ಉರಿಯುತ್ತಿರಬಹುದು. ಕಾಂಪ್ಲೆಕ್ಸ್ ಆದರೆ ಗೊಂದಲ ಇನ್ನೊಂದು ಸುತ್ತು ಹೆಚ್ಚು, ಯಾಕೆಂದರೆ ಆ ಪರ್ಸೆಂಟು ಎಲ್ಲ ಬೆಂಕಿಗಳದ್ದೂ ಸೇರಿದ್ದು. ಒಂದು ಪೂರ್ತಿ ಹಿಡಿತಕ್ಕೆ ಬಂದು, ನಿಮ್ಮ ಕಡೆಯದು ಮಾತ್ರ ಬಿಟ್ಟ ಕುದುರೆಯಂತೆ ಓಡುತ್ತಿರಬಹುದು.

ಸಿಡಿಲಿನ ಬೆಂಕಿಗೆ ಇನ್ನೊಂದು ಕೆಟ್ಟ ಚಾಳಿ ಇದೆ. ಮರದ ಒಳಗೆ, ಬೇರಿನ ಬುಡದ ತರಗೆಲೆಯ ಪದರದಲ್ಲಿ ಹೊಗೆಯೂ ಕಾಣದಂತೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕೆಂಡವಾಗಿ ಕೂತಿದ್ದು ಗಾಳಿ ಬಂದಾಗ ಏಳುತ್ತದೆ. ಇಂಥದ್ದಕ್ಕೆ ಹೋಲ್ಡೋವರ್ ಅನ್ನುತ್ತಾರೆ. ಹಿಡಿತಕ್ಕೆ ಬಂದ ಬೆಂಕಿಯೂ ಹೀಗೆ ಕೆಂಡ ಬಚ್ಚಿಟ್ಟುಕೊಳ್ಳುವುದುಂಟು. ಸಿಝಡ್‌ಯು 2020ರ ಸೆಪ್ಟೆಂಬರ್ 22ಕ್ಕೆ ನೂರಕ್ಕೆ ನೂರು ಕಂಟೈನ್ಡ್ ಅಂತ ಘೋಷಣೆಯಾಯಿತು. 2021ರ ಜನವರಿಯಲ್ಲಿ ಜೋರು ಗಾಳಿ ಬೀಸಿದಾಗ ಸುಟ್ಟ ಜಾಗದ ಒಳಗಿಂದಲೇ ಮತ್ತೆ ಬೆಂಕಿ ಎದ್ದಿತು, ಜನ ಮತ್ತೆ ಬ್ಯಾಗ್ ಕಟ್ಟಿದರು.