ರಕ್ತ ಕಮ್ಮಿ ಇದ್ದವರೆಲ್ಲ ರಕ್ತದ ಡಾಕ್ಟರ ಹತ್ತಿರ ಹೋಗಬೇಕಾ?

ಹೋದ ಮಳೆಗಾಲದಲ್ಲಿ ನಮ್ಮ ಚಿಕ್ಕಮ್ಮನಿಗೆ ಎರಡು ದಿನ ಜ್ವರ ಬಂತು. ಊರಿನ ಲ್ಯಾಬಿನಲ್ಲಿ ರಕ್ತ ಕೊಟ್ಟರು. ರಿಪೋರ್ಟು ನೋಡಿದರೆ ಪ್ಲೇಟ್ಲೆಟ್ 38,000. ಡೆಂಗಿ ಕಾಲ ಬೇರೆ. ರಾತ್ರೋರಾತ್ರಿ ಕಾರು ಮಾಡಿಕೊಂಡು ಬೆಂಗಳೂರಿಗೆ ಓಡಿದ್ದಾಯಿತು, ದಾರಿಯುದ್ದಕ್ಕೂ ಚಿಕ್ಕಪ್ಪ ಸಿಕ್ಕಸಿಕ್ಕವರಿಗೆ ಫೋನ್ ಮಾಡಿ ಪಪ್ಪಾಯಿ ಎಲೆ ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕಾಲು ನೋಡಿದರು, ಆಮೇಲೆ ಬಾಯಿ ತೆಗೆಸಿ ವಸಡು ನೋಡಿದರು. ರಕ್ತ ಒಸರಿದ ಒಂದೂ ಕೆಂಪು ಚುಕ್ಕೆ ಇಲ್ಲ. ನೀಲಿ ಮುಚ್ಚಳದ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆಸಿದರು. ಈ ಸಲ 2,10,000!

ಆಗಿದ್ದು ಇಷ್ಟೇ. ಸಿಬಿಸಿ, ಅಂದರೆ ರಕ್ತದ ಕಣಗಳನ್ನು ಎಣಿಸುವ ಪರೀಕ್ಷೆಗೆ ರಕ್ತ ತೆಗೆಯೋದು ನೇರಳೆ ಮುಚ್ಚಳದ ಟ್ಯೂಬಿನಲ್ಲಿ. ರಕ್ತ ಹೆಪ್ಪುಗಟ್ಟದಿರಲಿ ಅಂತ ಅದರೊಳಗೆ ಇಡಿಟಿಎ ಅನ್ನೋ ರಾಸಾಯನಿಕ ಹಾಕಿರುತ್ತಾರೆ. ಕೆಲವೇ ಕೆಲವರ ಪ್ಲೇಟ್ಲೆಟ್‌ಗಳು ಅದನ್ನು ಕಂಡರೆ ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ. ಮೆಷಿನ್ನಿಗೆ ಆ ಗಂಟು ಪ್ಲೇಟ್ಲೆಟ್ ಅಂತ ಗೊತ್ತಾಗಲ್ಲ, ಎಣಿಕೆಯಿಂದ ಬಿಟ್ಟುಬಿಡುತ್ತೆ. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಯಾರಾದರೂ ಕಣ್ಣಾರೆ ನೋಡಿದ್ದರೆ ಊರಲ್ಲೇ ಗೊತ್ತಾಗುತ್ತಿತ್ತು. ಅದಕ್ಕೆ ಸ್ಮಿಯರ್ ಅಂತಾರೆ. ಹೆಮಟಾಲಜಿ ಒಪಿಡಿಗೆ, ಅಂದರೆ ರಕ್ತದ ಕಾಯಿಲೆಗಳ ವಿಭಾಗಕ್ಕೆ, ಚೀಟಿ ಬರೆಯುವ ಮುಂಚೆ ಆಗಬೇಕಾದ ಮೊದಲ ಕೆಲಸ ಇದೇ ಅಂತ ನನಗನ್ನಿಸುತ್ತೆ.

ಇನ್ನು ರಕ್ತ ಕಮ್ಮಿ ಇರೋರ ವಿಷಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಇವರೆಲ್ಲ ರಕ್ತದ ಡಾಕ್ಟರ ಬಾಗಿಲಲ್ಲಿ ಸಾಲು ನಿಂತರೆ ಆ ಸಾಲು ಮುಗಿಯೋದು ಯಾವಾಗ? ಬಹಳಷ್ಟು ಜನರಿಗೆ ಇರೋದು ಕಬ್ಬಿಣದ ಕೊರತೆ. ಊರಿನ ಡಾಕ್ಟರೇ ಸರಿಮಾಡಬಹುದು. ಮಾತ್ರೆ ಸರಿಯಾಗಿ ತಗೊಂಡರೆ ಮೂರ್ನಾಲ್ಕು ವಾರದಲ್ಲಿ ಹಿಮೊಗ್ಲೋಬಿನ್ ಸುಮಾರು ಒಂದು ಗ್ರಾಮ್ ಏರಬೇಕು. ಏರಲಿಲ್ಲ ಅಂದರೆ ಮೊದಲು ಕೇಳಬೇಕಾದ್ದು, ಮಾತ್ರೆ ನುಂಗ್ತಿದ್ದೀರಾ, ಅದರ ಹಿಂದೆಯೇ ಕಾಫಿ ಕುಡೀತಿದ್ದೀರಾ ಅಂತ. ಕಾಫಿ, ಟೀ ಎರಡೂ ಕಬ್ಬಿಣವನ್ನು ಮೈಗೆ ಹತ್ತಲು ಬಿಡಲ್ಲ.

ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣ ಕಮ್ಮಿ ಇದ್ದರೆ ಕಥೆಯೇ ಬೇರೆ. ಅವರು ಹೋಗಬೇಕಾದ್ದು ರಕ್ತದ ಡಾಕ್ಟರ ಹತ್ತಿರ ಅಲ್ಲ, ಹೊಟ್ಟೆ ಡಾಕ್ಟರ ಹತ್ತಿರ. ಜಠರದಲ್ಲೋ ಕರುಳಲ್ಲೋ ಹುಣ್ಣಿನಿಂದಲೋ ಗಡ್ಡೆಯಿಂದಲೋ ಸದ್ದಿಲ್ಲದೆ ರಕ್ತ ಸೋರುತ್ತಿರಬಹುದು. ಸುಮ್ನೆ ಟಾನಿಕ್ ಕುಡಿಸಿ ಹಿಮೊಗ್ಲೋಬಿನ್ ಏರಿಸಿದರೆ ಸೋರೋದು ನಿಲ್ಲುತ್ತಾ?

ಹಾಗಾದರೆ ರಕ್ತದ ಡಾಕ್ಟರ ಹತ್ತಿರ ಯಾರು ಹೋಗಬೇಕು? ಸುಳಿವು ಇರೋದು ಹಿಮೊಗ್ಲೋಬಿನ್ ಸಾಲಿನಲ್ಲಲ್ಲ, ಅದರ ಕೆಳಗೆ ಯಾರೂ ಓದದ ಸಾಲುಗಳಲ್ಲಿ. ಒಂದು ರಿಪೋರ್ಟು ತಗೊಳ್ಳಿ: ಹಿಮೊಗ್ಲೋಬಿನ್ 10.4, ಕೆಂಪು ಕಣಗಳು 56 ಲಕ್ಷ, ಎಂಸಿವಿ 64. ಎಂಸಿವಿ ಅಂದರೆ ಒಂದು ಕೆಂಪು ಕಣದ ಸರಾಸರಿ ಗಾತ್ರ, 80ರಿಂದ 100 ಇರಬೇಕು. ಇಲ್ಲಿ ಕಣಗಳು ಪುಟಾಣಿ, ಆದರೆ ಸಂಖ್ಯೆ ಜಾಸ್ತಿ. ಕಬ್ಬಿಣ ಇಲ್ಲದಿದ್ದರೆ ಗಾತ್ರದ ಜೊತೆ ಸಂಖ್ಯೆಯೂ ಇಳಿಯುತ್ತೆ, ಅಲ್ವಾ? 64ನ್ನು 5.6ರಿಂದ ಭಾಗಿಸಿ (ಕೆಂಪು ಕಣವನ್ನು ಇಲ್ಲಿ ದಶಲಕ್ಷದ ಲೆಕ್ಕದಲ್ಲಿ ಹಿಡಿಯುತ್ತಾರೆ): 11.4. ಉತ್ತರ 13ಕ್ಕಿಂತ ಕಮ್ಮಿ ಬಂದರೆ ಥಲಸ್ಸೀಮಿಯಾ ವಾಹಕ ಇರಬಹುದು ಅನ್ನೋ ಅನುಮಾನ, ಅಂದರೆ ಹಿಮೊಗ್ಲೋಬಿನ್ ಸರಿಯಾಗಿ ತಯಾರಾಗದ ಆ ವಂಶದ ಕಾಯಿಲೆಯ ಜೀನು ಮೈಯಲ್ಲಿದೆ, ಕಾಯಿಲೆ ಮಾತ್ರ ಇಲ್ಲ. 1973ರಲ್ಲಿ ಮೆಂಟ್ಜರ್ ಅನ್ನೋ ವೈದ್ಯರು ಹೇಳಿದ ಲೆಕ್ಕ ಇದು, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಅನುಮಾನ ಮಾತ್ರ, ಖಾತ್ರಿ ಮಾಡಲು ಎಚ್‌ಪಿಎಲ್‌ಸಿ ಅನ್ನೋ ಪರೀಕ್ಷೆ ಬೇಕು. ಈ ರಿಪೋರ್ಟು ಬಸುರಿಯದ್ದಾದರೆ ಗಂಡನ ರಕ್ತವನ್ನೂ ತಡಮಾಡದೆ ನೋಡಬೇಕು. ಇಬ್ಬರೂ ಬೀಟಾ ಥಲಸ್ಸೀಮಿಯಾ ವಾಹಕರಾದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು.

ಕೆಲವಕ್ಕೆ ಚೀಟಿ ಬರೆಯುತ್ತಾ ಕೂರುವ ಹೊತ್ತೂ ಇರಲ್ಲ. ಸ್ಮಿಯರಿನಲ್ಲಿ 'ಬ್ಲಾಸ್ಟ್' ಅಂತ ಬಂದರೆ ಅದು ಬಲಿಯದ ಬಿಳಿ ಕಣ, ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಇರಬಹುದು. ಅವತ್ತೇ ಫೋನ್ ಮಾಡಿ ಕಳಿಸಬೇಕು. ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣ) 500ಕ್ಕಿಂತ ಕೆಳಗಿದ್ದು ಜ್ವರವೂ ಇದ್ದರೆ ಒಪಿಡಿ ಸಾಲಿನಲ್ಲಿ ನಿಲ್ಲಿಸಬೇಡಿ, ನೇರ ಎಮರ್ಜೆನ್ಸಿಗೆ. ಇನ್ನು ಕೆಲವದಕ್ಕೆ ಅಷ್ಟು ಗಾಬರಿ ಬೇಡ. ಬಿಳಿ ಕಣ ಒಂದೂವರೆ ಲಕ್ಷ, ಎಡಪಕ್ಕೆಯ ಕೆಳಗೆ ಸ್ಪ್ಲೀನ್ (ಗುಲ್ಮ) ದಪ್ಪ, ಆಸಾಮಿ ಮಾತ್ರ ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದಿದ್ದಾರೆ. ಹೀಗಿದ್ದರೆ ನೆನಪಾಗಬೇಕಾದ್ದು ಸಿಎಂಎಲ್ ಅನ್ನೋ ನಿಧಾನದ ಲ್ಯುಕೇಮಿಯಾ. ಬೇಗ ತೋರಿಸಲೇಬೇಕು, ಆದರೆ 2001ರಲ್ಲಿ ಇಮ್ಯಾಟಿನಿಬ್ ಮಾತ್ರೆ ಬಂದ ಮೇಲೆ ಬಹಳ ಜನ ದಿನಕ್ಕೊಂದು ಡೋಸ್ ನುಂಗಿಕೊಂಡು ವರ್ಷಗಟ್ಟಲೆ ಆರಾಮಾಗಿದ್ದಾರೆ.

ನನಗೆ ಜಾಸ್ತಿ ಬೇಸರ ತರೋದು ಬೇರೆ. ಕಳಿಸುವ ಮುಂಚೆ ಏನೋ ಒಂದು ಮಾಡಿ ಕಳಿಸುವ ಅಭ್ಯಾಸ. 'ರಕ್ತ ಕಮ್ಮಿ ಇದೆ, ಎರಡು ಬಾಟಲಿ ಹಾಕಿ ಕಳಿಸೋಣ.' ಉಸಿರಾಡಲು ಆಗದಷ್ಟು ಸುಸ್ತಿದ್ದರೆ ಹಾಕಲೇಬೇಕು ಬಿಡಿ, ಆದರೆ ಅದಕ್ಕೆ ಮುಂಚೆ ಎರಡು ಟ್ಯೂಬ್ ರಕ್ತ ತೆಗೆದಿಡಬಹುದಲ್ಲ? ಹಾಕಿದ ಮೇಲೆ ಎಚ್‌ಪಿಎಲ್‌ಸಿ ಮಾಡಿದರೆ ಕಾಣೋದು ದಾನಿಯ ರಕ್ತವೂ ಸೇರಿದ ಕಲಬೆರಕೆ, ಸರಿಯಾದ ಉತ್ತರಕ್ಕೆ ಮೂರು ತಿಂಗಳು ಕಾಯಬೇಕಾಗಬಹುದು. ಬಿ12 ಇಂಜೆಕ್ಷನ್ ಕೂಡ ಹಾಗೆಯೇ. ಬಿ12 ತೀರಾ ಕಮ್ಮಿಯಾದರೆ ಮೂರೂ ಬಗೆಯ ಕಣ ಇಳಿದು ಮೂಳೆಮಜ್ಜೆಯ ದೊಡ್ಡ ಕಾಯಿಲೆಯ ಹಾಗೆಯೇ ಕಾಣುತ್ತೆ. ಮೊದಲು ರಕ್ತ, ಆಮೇಲೆ ಸೂಜಿ. ಸ್ಟಿರಾಯ್ಡ್ ಅಂತೂ ಇನ್ನೂ ಕಷ್ಟ, ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಗಡ್ಡೆಯನ್ನು ನಾಲ್ಕು ದಿನ ಕರಗಿಸಿ ಬಯಾಪ್ಸಿಯಲ್ಲಿ ಏನೂ ಸಿಗದ ಹಾಗೆ ಮಾಡಬಹುದು.

ಚೀಟಿಯಲ್ಲಿ 'ರಕ್ತಹೀನತೆ, ದಯವಿಟ್ಟು ನೋಡಿ' ಅಂತ ಬರೆದರೆ ಆ ಕಡೆಯವರಿಗೆ ಏನೂ ಗೊತ್ತಾಗಲ್ಲ. ಯಾವಾಗಿನಿಂದ ಕಮ್ಮಿ, ಯಾವ ಮಾತ್ರೆ ಎಷ್ಟು ದಿನ ಕೊಟ್ಟರು, ರಕ್ತ ಹಾಕಿದ್ದಾರಾ, ಮನೆಯಲ್ಲಿ ಯಾರಿಗಾದರೂ ಇದೆಯಾ, ಇಷ್ಟು ಬೇಕು. ಜೊತೆಗೆ ಹಳೇ ರಿಪೋರ್ಟುಗಳು. ಐದು ವರ್ಷದ ಹಿಂದೆಯೂ ಎಂಸಿವಿ 64 ಇತ್ತು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಚಿಕ್ಕಮ್ಮನ ಫೈಲಿನ ಮೇಲೆ ಆ ಡಾಕ್ಟರು ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದುಕೊಟ್ಟಿದ್ದಾರೆ: 'ನೇರಳೆ ಟ್ಯೂಬಿನಲ್ಲಿ ಪ್ಲೇಟ್ಲೆಟ್ ಗಂಟು ಕಟ್ಟುತ್ತದೆ, ಸ್ಮಿಯರ್ ನೋಡಿ.' ಲ್ಯಾಬಿಗೆ ಹೋದಾಗೆಲ್ಲ ಚಿಕ್ಕಮ್ಮ ಅದನ್ನೇ ಮೊದಲು ತೋರಿಸುತ್ತಾರೆ. ಹುಡುಗ ಓದಿ, ತಲೆಯಾಡಿಸಿ, ನೇರಳೆ ಟ್ಯೂಬನ್ನೇ ಎತ್ತಿಕೊಳ್ಳುತ್ತಾನೆ.