ಇಳಿಜಾರೇ ಇಲ್ಲದ ಮರ್ರೆ ನದಿ

ಆಸ್ಟ್ರೇಲಿಯಾದ ವೆಂಟ್‌ವರ್ತ್ ಎಂಬ ಸಣ್ಣ ಊರಿನಲ್ಲಿ ಮರ್ರೆ ನದಿಗೆ ಡಾರ್ಲಿಂಗ್ ನದಿ ಬಂದು ಸೇರುತ್ತದೆ. ಅಲ್ಲಿಂದ ಸಮುದ್ರಕ್ಕೆ ನದಿಯ ದಾರಿಯಲ್ಲಿ ಇನ್ನೂ 800 ಕಿಲೋಮೀಟರಿಗಿಂತ ಜಾಸ್ತಿ ಇದೆ. ಅಷ್ಟು ದೂರಕ್ಕೆ ನೀರು ಇಳಿಯುವುದು ಸುಮಾರು 30 ಮೀಟರ್, ಅಂದರೆ ಹತ್ತು ಮಹಡಿ ಕಟ್ಟಡದಷ್ಟು. ಕಿಲೋಮೀಟರಿಗೆ ನಾಲ್ಕು ಸೆಂಟಿಮೀಟರ್ ಕೂಡ ಬೀಳುವುದಿಲ್ಲ. ಈ ನದಿಯ ವಿಚಿತ್ರಗಳೆಲ್ಲ ಹೆಚ್ಚುಕಡಿಮೆ ಇದರಿಂದಲೇ ಹುಟ್ಟಿದ್ದು.

ಮರ್ರೆ ಹುಟ್ಟುವುದೇನೋ ಬೆಟ್ಟದಲ್ಲೇ. ದೇಶದ ಆಗ್ನೇಯಕ್ಕೆ ಹಿಮ ಬೀಳುವ ಸಾಲೊಂದಿದೆ, ಅಲ್ಲಿ. ಒಟ್ಟು ಉದ್ದ 2,508 ಕಿ.ಮೀ. ಆದರೆ ಆಲ್ಬರಿ ಊರಿನ ಮೇಲಿರುವ ಹ್ಯೂಮ್ ಅಣೆಕಟ್ಟು ಬರುವಷ್ಟರಲ್ಲಿ ಬೆಟ್ಟದ ಕಥೆ ಮುಗಿದಿರುತ್ತದೆ. ಮುಂದಿನ 2,200 ಕಿ.ಮೀ. ಬಯಲೇ ಬಯಲು. ಅಣೆಕಟ್ಟಿನಿಂದ ಬಿಟ್ಟ ನೀರು ದಕ್ಷಿಣ ಆಸ್ಟ್ರೇಲಿಯಾ ರಾಜ್ಯ ಮುಟ್ಟಲು ವಾರಗಟ್ಟಲೆ ಬೇಕು.

ಬಹುದೂರದವರೆಗೆ ಈ ನದಿಯೇ ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ರಾಜ್ಯಗಳ ಗಡಿ. ಗಡಿ ನದಿಯ ನಡುಮಧ್ಯದಲ್ಲಿ ಇರಬೇಕು ಅಲ್ವಾ? ಇಲ್ಲ, ಅದು ದಕ್ಷಿಣದ ದಡದ ಮೇಲಿದೆ. ಹಾಗಾಗಿ ವಿಕ್ಟೋರಿಯಾದವರು ತಮ್ಮ ದಡದಲ್ಲೇ ಕೂತು ಗಾಳ ಹಾಕಿದರೂ ಪಕ್ಕದ ರಾಜ್ಯದ ಲೈಸೆನ್ಸ್ ಬೇಕು!

ಇಷ್ಟು ಸಪಾಟು ನೆಲದಲ್ಲಿ ನದಿಯನ್ನು ತಿರುಗಿಸಲು ದೊಡ್ಡ ಬೆಟ್ಟ ಬೇಕಾಗಿಲ್ಲ. ಹತ್ತಾರು ಸಾವಿರ ವರ್ಷಗಳ ಹಿಂದೆ ಎಚೂಕಾ ಊರಿನ ಬಳಿ ಭೂಮಿ ಬಿರುಕು ಬಿಟ್ಟು, ಒಂದು ಬದಿಯ ನೆಲ ಸುಮಾರು ಹತ್ತು ಮೀಟರ್ ಮೇಲೆದ್ದಿತು. ಇದಕ್ಕೆ ಕ್ಯಾಡೆಲ್ ಸ್ತರಭಂಗ ಎಂದು ಹೆಸರು. ಪಶ್ಚಿಮಕ್ಕೆ ಹೊರಟಿದ್ದ ಮರ್ರೆಗೆ ಅದೇ ಗೋಡೆಯಾಯಿತು. ನೀರು ಹಿಂದೆ ನಿಂತು ಕೆರೆಯಾಯಿತು. ಮೊದಲು ಉತ್ತರಕ್ಕೆ ಸುತ್ತಿಹೋದ ನದಿ, ಆಮೇಲೆ ದಕ್ಷಿಣಕ್ಕೂ ಒಂದು ಕಿರಿದಾದ ದಾರಿ ಮಾಡಿಕೊಂಡಿತು. ಬಿಟ್ಟುಹೋದ ಹಳೇ ಪಾತ್ರ ಇವತ್ತಿಗೂ ಒಣಗಿ ಬಿದ್ದಿದೆ.

ಆ ಕಿರಿದಾದ ದಾರಿಗೆ ಅಲ್ಲಿನವರು ಬಾರ್ಮಾ ಚೋಕ್ ಅನ್ನುತ್ತಾರೆ, ಗಂಟಲು ಹಿಸುಕಿದ ಜಾಗ ಅಂದುಕೊಳ್ಳಿ. ಜಾಸ್ತಿ ನೀರು ಬಂದರೆ ದಡ ಮೀರಿ ಕಾಡಿಗೆ ನುಗ್ಗುತ್ತದೆ. ಆ ನೆರೆಯೇ ಅಲ್ಲಿನ ರೆಡ್ ಗಮ್ ಮರಗಳಿಗೆ ಜೀವ. ನಮ್ಮೂರ ನೀಲಗಿರಿಯ ಹತ್ತಿರದ ಬಂಧುಗಳು ಇವು. ಈ ಜಾತಿಯ ಮರಗಳ ಅತಿ ದೊಡ್ಡ ಕಾಡು ಇರುವುದು ಇಲ್ಲೇ. ಸಾಲದ್ದಕ್ಕೆ ಚಿನ್ನದ ಗಣಿಗಾರಿಕೆಯ ಕಾಲದಲ್ಲಿ ಕೊಚ್ಚಿಬಂದ ಮರಳು ಈ ಗಂಟಲಲ್ಲಿ ಇನ್ನೂ ಕೂತಿದೆ. ಕೆಳಗಿನ ತೋಟಗಳಿಗೆ ನೀರು ಬಿಡುವವರಿಗೆ ಇದು ದೊಡ್ಡ ತಲೆನೋವು.

ಮಾರ್ಗನ್ ಎಂಬಲ್ಲಿ ಮರ್ರೆ ತಟ್ಟನೆ ದಕ್ಷಿಣಕ್ಕೆ ತಿರುಗುತ್ತದೆ. ಅಲ್ಲಿಂದ ಎರಡೂ ಬದಿಗೆ ಹಳದಿ ಸುಣ್ಣಕಲ್ಲಿನ ಕಡಿದಾದ ದಡಗಳು. ಹತ್ತಿರ ಹೋಗಿ ನೋಡಿದರೆ ಕಲ್ಲಿನ ತುಂಬ ಸಮುದ್ರದ ಚಿಪ್ಪುಗಳು. ಕೋಟ್ಯಂತರ ವರ್ಷಗಳ ಹಿಂದೆ ಇದೆಲ್ಲ ಸಮುದ್ರವಾಗಿತ್ತು. ನೆಲ ಇಷ್ಟು ಸಪಾಟಾಗಿರುವುದೂ ಅದಕ್ಕೇ.

ಕೊನೆಗೆ ಅಲೆಕ್ಸಾಂಡ್ರಿನಾ ಸರೋವರ, ಅದರಾಚೆ ಅಳಿವೆ, ಅಂದರೆ ನದಿ ಸಮುದ್ರ ಸೇರುವ ಬಾಯಿ. ಮೇಲೆಲ್ಲ ಬೇಸಾಯಕ್ಕೆ ನೀರು ಎತ್ತಿದ ಮೇಲೆ ಮಿಕ್ಕ ಹರಿವಿಗೆ ಅಲೆಗಳು ತರುವ ಮರಳನ್ನು ತಳ್ಳುವ ಶಕ್ತಿ ಸಾಲುವುದಿಲ್ಲ. 1981ರಲ್ಲಿ ಅಳಿವೆ ಪೂರ್ತಿ ಮುಚ್ಚಿಹೋಯಿತು. 2002ರಲ್ಲಿ ಮತ್ತೆ ಮುಚ್ಚುವ ಹಾಗಾದಾಗ ಡ್ರೆಜರ್ ಯಂತ್ರಗಳು ಬಂದು ಹಗಲೂ ರಾತ್ರಿ ಮರಳು ಎತ್ತಿದವು. 2010ರಲ್ಲಿ ಒಳ್ಳೆ ಮಳೆಯಾಗಿ ನದಿಯೇ ದಾರಿ ಬಿಡಿಸಿಕೊಂಡಿತು, ಯಂತ್ರಗಳು ಹೋದವು. ಕೆಲವೇ ವರ್ಷಕ್ಕೆ ಅವನ್ನು ಮತ್ತೆ ತರಿಸಬೇಕಾಯಿತು.