ಮಳೆನೀರಿನ ಹುಳಿ ಎಲ್ಲಿಂದ ಬಂತು?

ಕಾಸರಗೋಡಿನ ಒಂದು ಮಳೆಯ ಪಿಎಚ್ 5 ಬಂತು ಅನ್ನಿ. ಪಿಎಚ್ ಅಂದರೆ ಹುಳಿಯ ಅಳತೆ; ಅಂಕಿ ಒಂದು ಇಳಿದರೆ ಹುಳಿ ಹತ್ತು ಪಟ್ಟು. ಇದರಿಂದ ತಿಳಿಯುವುದು ಬಹಳ ಕಡಿಮೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗುವುದರಿಂದ ಶುದ್ಧ ಮಳೆಯ ಪಿಎಚ್ ಕೂಡ ಸುಮಾರು 5.6. ಅದನ್ನು ಇನ್ನೂ ಕೆಳಗಿಳಿಸುವುದು ಮುಖ್ಯವಾಗಿ ಗಂಧಕ ಮತ್ತು ಸಾರಜನಕದ ಆಮ್ಲಗಳು. ಧೂಳಿನ ಸುಣ್ಣದಂಶ, ಹಟ್ಟಿ-ಗೊಬ್ಬರದಿಂದ ಏಳುವ ಅಮೋನಿಯಾ ಆ ಹುಳಿಯನ್ನು ತಗ್ಗಿಸುತ್ತವೆ. ಹಾಗಾಗಿ ಕೊಳೆ ಜಾಸ್ತಿ ಇದ್ದರೂ ಪಿಎಚ್ ಒಳ್ಳೆಯದೇ ಕಾಣಬಹುದು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣಿನಲ್ಲಿ ಸುಣ್ಣದಂಶ ಕಡಿಮೆ, ಇಲ್ಲಿನ ಧೂಳು ಹುಳಿಯನ್ನು ತಗ್ಗಿಸುವುದೂ ಕಡಿಮೆ.

ಅದಕ್ಕೇ ಪ್ರತಿ ಮಳೆಯ ಸಲ್ಫೇಟ್ (ಗಂಧಕದ ಆಮ್ಲದ ಗುರುತು), ನೈಟ್ರೇಟ್ (ಸಾರಜನಕದ ಆಮ್ಲದ ಗುರುತು), ಕ್ಲೋರೈಡ್, ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಮೋನಿಯಂ ಅಳೆಯಬೇಕು. ಕರಾವಳಿಯಲ್ಲಿ ಮೊದಲು ಸಮುದ್ರದ ಲೆಕ್ಕ ಕಳೆಯಬೇಕು. ಕಡಲ ನೀರಿನಲ್ಲಿ ಸಲ್ಫೇಟಿನ ತೂಕ ಸೋಡಿಯಂನ ಕಾಲು ಭಾಗ. ಮಳೆಯ ಸೋಡಿಯಂ ಎಲ್ಲ ಕಡಲಿನದೇ ಎಂದು ಹಿಡಿದು ಅಷ್ಟು ಕಳೆದರೆ, ಉಳಿದ ಸಲ್ಫೇಟ್ ಬೇರೆ ಕಡೆಯದು.

ಮುಂದೆ ಸಂಖ್ಯಾಶಾಸ್ತ್ರ. ಮದುವೆಗೆ ಒಟ್ಟಿಗೆ ಬಂದು ಒಟ್ಟಿಗೇ ಹೊರಡುವವರು ಒಂದೇ ಮನೆಯವರೆಂದು ಊಹಿಸುತ್ತೇವೆ ಅಲ್ವಾ? ಹಾಗೆಯೇ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವ ಅಂಶಗಳನ್ನು ಗುಂಪು ಮಾಡುತ್ತಾರೆ. ಕಾರ್ಲ್ ಪಿಯರ್ಸನ್ 1901ರಲ್ಲಿ ಕೊಟ್ಟ ಪ್ರಧಾನ ಘಟಕ ವಿಶ್ಲೇಷಣೆ ಇದಕ್ಕೆ ಬಳಕೆಯಲ್ಲಿದೆ. ಸೋಡಿಯಂ, ಕ್ಲೋರೈಡ್, ಮೆಗ್ನೀಸಿಯಂ ಕೂಡಿದರೆ ಕಡಲು. ಕಡಲಿನದನ್ನು ಕಳೆದೂ ಉಳಿದ ಪೊಟ್ಯಾಸಿಯಂ ಸೌದೆ, ತೆಂಗಿನ ಮಡಲಿನ ಹೊಗೆಯತ್ತ ಬೊಟ್ಟು ಮಾಡುತ್ತದೆ. ಸಲ್ಫೇಟ್, ನೈಟ್ರೇಟ್ ಜೊತೆಯಾದರೆ ಹಡಗು, ಲಾರಿ, ಕಾರ್ಖಾನೆಗಳಲ್ಲಿ ಉರಿದ ಇಂಧನ.

ಇಲ್ಲೊಂದು ದೊಡ್ಡ ಬಲೆ ಇದೆ. ಹನಿ ಮಳೆಯಲ್ಲಿ ಎಲ್ಲ ಅಂಶಗಳೂ ದಟ್ಟ, ಜಡಿಮಳೆಯಲ್ಲಿ ಎಲ್ಲವೂ ತೆಳು. ಮೂಲ ಬೇರೆಬೇರೆ ಇದ್ದರೂ ಎಲ್ಲವೂ ಒಟ್ಟಿಗೆ ಏರಿಳಿದಂತೆ ಕಾಣುತ್ತವೆ. ಇಲ್ಲಿನಂತಹ ಮಳೆಯೂರಿನಲ್ಲಿ ಇದನ್ನು ಮರೆತರೆ ಇಡೀ ವಿಶ್ಲೇಷಣೆ ಸುಳ್ಳು ಹೇಳುತ್ತದೆ. ಮಳೆಯ ಪ್ರಮಾಣವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಪಿಎಚ್‌ನ ಸರಾಸರಿಯನ್ನೂ ಸುಮ್ನೆ ತೆಗೆಯುವಂತಿಲ್ಲ. 4 ಮತ್ತು 6 ಪಿಎಚ್ ಇರುವ, ಒಂದೇ ಪ್ರಮಾಣದ ಎರಡು ಮಳೆಗಳ ಆಮ್ಲದ ಸರಾಸರಿ ಪಿಎಚ್ 5 ಅಲ್ಲ, ಸುಮಾರು 4.3.

ಮಳೆನೀರು ಹಿಡಿಯುವ ಪಾತ್ರೆ ಇಡುವ ಜಾಗವೂ ಮುಖ್ಯ. ಅಡಿಕೆ ತೋಟದೊಳಗೆ ಇಟ್ಟರೆ ಕೊಳೆರೋಗಕ್ಕೆ ಬಿಟ್ಟ ಮದ್ದಿನ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಎರಡೂ ಹನಿಯ ಜೊತೆ ಇಳಿಯುತ್ತವೆ. ಆಗ ತೋಟದ ಸಲ್ಫೇಟಿಗೆ ದೂರದ ಚಿಮಣಿಯನ್ನು ದೂರುತ್ತೇವೆ. ಬಯಲಿನಲ್ಲಿಟ್ಟು, ಮಳೆ ಶುರುವಾದಾಗ ಮಾತ್ರ ಮುಚ್ಚಳ ತೆಗೆಯಬೇಕು.

ಗುಂಪು ಸಿಕ್ಕಿದರೂ ಊರು ಸಿಗುವುದಿಲ್ಲ. ಅದಕ್ಕೆ ಗಾಳಿಯ ದಾರಿ ಬೇಕು. ಆಟಿಯ (ಜುಲೈ-ಆಗಸ್ಟ್) ಮಳೆ ಅರಬ್ಬಿ ಕಡಲಿನಿಂದ ಬರುತ್ತದೆ. ತುಲಾ ಮಾಸದ (ಅಕ್ಟೋಬರ್-ನವೆಂಬರ್) ಮಳೆಯ ಹೊತ್ತಿಗೆ ಗಾಳಿ ಹೆಚ್ಚಾಗಿ ನೆಲದ ಕಡೆಯಿಂದ. ಇವೆರಡನ್ನೂ ಬೆರೆಸದೆ ಬೇರೆಬೇರೆಯಾಗಿ ವಿಶ್ಲೇಷಿಸಿದರೆ, ಕಡಲಾಚೆಯಿಂದ ಬಂದ ಹುಳಿ ಎಷ್ಟು, ಒಳನಾಡಿನಿಂದ ಬಂದದ್ದು ಎಷ್ಟು ಎಂದು ಹೋಲಿಸಬಹುದು.